ಬೀಗರಿಗೆ ಕೊಟ್ಟ ಬೇಲಿ

ನಮ್ಮ ಭಾವ ಹುಚ್ಚೀರಯ್ಯ ಬದುಕಿರುವಷ್ಟು ದಿನ ಅವನನ್ನು ಹೊಗಳಲು ಬೇರೆ ಜನ ಬೇಕಾಗಿರಲಿಲ್ಲ. ಆ ಕೆಲಸವನ್ನು ಅವನೇ ಬಿಡುವಿಲ್ಲದೆ ಮಾಡಿಕೊಳ್ಳುತ್ತಿದ್ದ. ಆದ್ದರಿಂದ ಇಲ್ಲಿ ನಾನು ಹೊಗಳದೆ ಬಿಟ್ಟರೆ ಅವನಿಗೇನೂ ಕಡಿಮೆಯಾಗುವುದಿಲ್ಲ. ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಹಳೇಕೊಪ್ಪಲು ಅಂತ ಒಂದು ಊರು. ನಮ್ಮಕ್ಕ ದೊಡ್ಡತಾಯಮ್ಮನನ್ನು ಅಲ್ಲಿಗೆ ಕೊಟ್ಟಿದ್ದು. ಕೊಟ್ಟವರು ನಮ್ಮಪ್ಪ. ನಾನಾಗ ಚಿಕ್ಕವನು, ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಆಳು ನೋಡುವುದಕ್ಕೇನೋ ಮೋಸವಿಲ್ಲ. ದಪ್ಪ ಮೀಸೆ, ತಲೆಗೆ ರುಮಾಲು, ನಡೆದು ಬಂದರೆ ಯಾವುದೋ ಹೋಬಳಿಯ ಯಜಮಾನ ಅಂತ ಹೊಸಬರು ಎದ್ದು ನಿಲ್ಲಬೇಕು. ಮಾತಾಡಿದ ಮೇಲೆ ಕೂತುಬಿಡುತ್ತಿದ್ದರು. ಅವನಿಗಿದ್ದದ್ದು ಒಂದೇ ಹುಚ್ಚು, ಬೇಲಿ. ಊರಿಗೂರೇ ತನ್ನ ಹೊಲದ ಮೇಲೆ ಕಣ್ಣಿಟ್ಟು ಹೊಂಚು ಹಾಕುತ್ತಿದೆ ಅನ್ನುವುದು ಅವನ ನಂಬಿಕೆ. ಅಯ್ಯೋ ಶಿವನೆ, ಆ ಹೊಲವೋ! ನಾಲೆಯ ನೀರು ಮಂಡ್ಯದ ಸುತ್ತಿನವರಿಗೆ ಹರಿದು, ಅವರು ಕಬ್ಬು ಬೆಳೆದು ಮೆರೆಯುತ್ತಿದ್ದ ಕಾಲ ಅದು. ನಮ್ಮ ಭಾವನ ಹೊಲಕ್ಕೆ ಮಾತ್ರ ಆಕಾಶವೇ ಗತಿ. ರಾಗಿ, ಹುರುಳಿ, ಅಂಚಿನಲ್ಲಿ ನಾಲ್ಕು ಸಾಲು ಹುಚ್ಚೆಳ್ಳು. ಕಳ್ಳ ಬಂದರೂ ಅಯ್ಯೋ ಪಾಪ ಅಂತ ಏನಾದರೂ ಇಟ್ಟು ಹೋಗಬೇಕು, ಅಂಥ ಹೊಲ.

ಮನೆ ಮುಂದೆಯೇ ಇದ್ದ ಆ ಹೊಲದ ಸುತ್ತ ಮೊದಲು ಪಾಪಸುಕಳ್ಳಿಯ ಬೇಲಿಯಿತ್ತು. ಆ ಕಳ್ಳಿಗೆ ಹತ್ತಿಯಂತೆ ಬೆಳ್ಳಗೆ ಅಂಟಿಕೊಳ್ಳುವ ಒಂದು ಹುಳ ಬಿತ್ತು. ಹಿಸುಕಿದರೆ ಕೈಯೆಲ್ಲ ಕುಂಕುಮ. ನೋಡುನೋಡುತ್ತ ಸೀಮೆಯ ಕಳ್ಳಿಯೆಲ್ಲ ಕೊಳೆತು ಮಲಗಿತು. ಬೇರೆಯವರು ಹಿಂದಿನಿಂದ ಮಾಡುತ್ತಿದ್ದ ಹಾಗೆ ಕಾರೆಮುಳ್ಳು, ಎಲಚಿಮುಳ್ಳು ಕಡಿದು ತಂದು ಒತ್ತಿ, ತಮ್ಮ ಪಾಡಿಗೆ ತಾವು ಉಳಲು ಹೋದರು. ಕಾರೆ ನಮ್ಮ ನೆಲದ್ದೇ ಮುಳ್ಳು. ಇಟ್ಟ ಕಡೆ ಇರುತ್ತದೆ, ಒಣಗಿದರೆ ಒಲೆಗಾಗುತ್ತದೆ. ಆದರೆ ಊರಿಗೆಲ್ಲ ಇರುವಂಥ ಬೇಲಿ ಹುಚ್ಚೀರಯ್ಯನಿಗೆ ಸಾಕಾಗುತ್ತದೆಯೇ?

ಮಂಡ್ಯವನ್ನು ಜಿಲ್ಲೆ ಮಾಡಿದ ವರ್ಷ ಒಂದು ದಿನ ಸಂತೆಗೆಂದು ಮದ್ದೂರಿಗೆ ಬಂದ. ನಾನಲ್ಲಿ ಮೇಷ್ಟ್ರಾಗಿದ್ದೆ. ನಮ್ಮ ಮನೆಯಲ್ಲಿ ಗಡದ್ದಾಗಿ ಉಂಡು, ನನ್ನ ಜೊತೆ ಸ್ಟೇಷನ್ ರಸ್ತೆಯಲ್ಲಿ ನಡೆಯುತ್ತಿದ್ದವನು ತಟ್ಟನೆ ನಿಂತ. ಪಿಂಚಣಿಯಾಗಿ ಊರಿಗೆ ಬಂದಿದ್ದ ತಿರುನಾರಾಯಣ ಅಯ್ಯಂಗಾರ್ಯರ ಮನೆ. ಮುಂದೆ ಎದೆಮಟ್ಟದ ಹಸಿರು ಬೇಲಿ, ಅದರ ತುಂಬ ಹಳದಿ ಕೆಂಪು ಬೆರೆತ ಪುಟ್ಟ ಪುಟ್ಟ ಹೂವಿನ ಗೊಂಚಲು. ಅಯ್ಯಂಗಾರ್ಯರು ಕೈಯಲ್ಲಿ ದೊಡ್ಡ ಕತ್ತರಿ ಹಿಡಿದು ಅದರ ತಲೆ ಸಮ ಮಾಡುತ್ತಿದ್ದರು.

“ಸ್ವಾಮೇರ, ಇದ್ಯಾವ್ ಗಿಡ? ನಮ್ ಸೀಮೇದಲ್ಲ ಅನ್ನುಸ್ತದೆ,” ಅಂದ ಭಾವ.

“ಲಂಟಾನ ಅಂತ. ಇದರ ತವರು ಅಮೆರಿಕಾ ಕಣಯ್ಯ,” ಅಂದರು ಅವರು. “ದೊರೆಗಳು ಹೂವಿನ ಆಸೆಗೆ ಹಡಗಿನಲ್ಲಿ ತಂದು ಕುಂಡದಲ್ಲಿ ಇಟ್ಕೊಂಡಿದ್ರು. ಕುಂಡದಲ್ಲಿ ನಿಂತೀತೇ? ತೋಟ ದಾಟಿತು, ಈಗ ಕಾಡಿಗೂ ನುಗ್ಗಿದೆ. ತವರಿನಲ್ಲಾದರೆ ಇದನ್ನ ತಿನ್ನೋ ಹುಳಹುಪ್ಪಟೆ ಇವೆಯಂತೆ. ಇಲ್ಲಿ ಹೇಳೋರಿಲ್ಲ, ಕೇಳೋರಿಲ್ಲ. ಕತ್ತರಿ ಆಡಿಸ್ತಾನೇ ಇರಬೇಕು. ಹಣ್ಣು ಕಟ್ಟೋದಕ್ಕೆ ಬಿಟ್ಟೆಯೋ, ಹಕ್ಕಿ ತಿಂದು ಊರಿಗೆಲ್ಲ ಹಂಚಿಬಿಡುತ್ತೆ.”

ಇಷ್ಟು ಮಾತಿನಲ್ಲಿ ನಮ್ಮ ಭಾವನ ಕಿವಿಗೆ ಬಿದ್ದದ್ದು ಅಮೆರಿಕಾ ಒಂದೇ. ಅವರು ಕತ್ತರಿಸಿ ಕೆಡವಿದ್ದ ಕಡ್ಡಿಗಳನ್ನೆಲ್ಲ ಬಾಚಿ, ನನ್ನ ಹೆಗಲ ಮೇಲಿದ್ದ ಹೊಸ ಟವಲನ್ನು ಕೇಳದೆಯೇ ಎಳೆದುಕೊಂಡು, ಮೂಟೆ ಕಟ್ಟಿದ. ಮುಳ್ಳಿಗೆ ಟವಲು ಜರಡಿಯಾಯಿತು. ಅದನ್ನು ಇವತ್ತಿನವರೆಗೂ ಯಾರೂ ಕೊಡಿಸಿಲ್ಲ.

ಗಿಡ ಹತ್ತಿತು. ಹತ್ತದೆ ಏನು, ಅದಕ್ಕೆ ಹತ್ತದ ನೆಲವೇ ಇಲ್ಲ. ಎರಡು ಮಳೆ ಬೀಳುವಷ್ಟರಲ್ಲಿ ಭಾವನ ಹೊಲ ಹೂವಿನ ಬೇಲಿಯೊಳಗೆ ಮುಚ್ಚಿಹೋಯಿತು. ಕತ್ತರಿಯ ಮಾತು ಅವನಿಗೆ ನೆನಪೇ ಇರಲಿಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ, “ಅಮೇರಿಕದ್ದು ಕಣ್ಲಾ, ಅಡಗ್ನಲ್ಲಿ ಬಂದಿರಾದು,” ಅನ್ನುತ್ತಿದ್ದ, ತಾನೇ ಹೋಗಿ ಇಳಿಸಿಕೊಂಡು ಬಂದವನ ಹಾಗೆ. ನಾನು ಹೋದಾಗ ನಮ್ಮಕ್ಕ ಮಾತ್ರ ಮೂಗಿಗೆ ಸೆರಗು ಹಿಡಿದುಕೊಂಡು, “ಎಲೆ ಮುರುದ್ರೆ ನಾತ ಕಣಪ್ಪ, ಎಮ್ಮೆನೂ ಮೂಸಕಿಲ್ಲ,” ಅಂದಳು.

“ಎಮ್ಮೆಗೇನ್ ಗೊತ್ತು ಅಮೇರಿಕ?” ಅಂದ ಭಾವ.

ಎಮ್ಮೆಗೆ ಗೊತ್ತಿದ್ದಷ್ಟೂ ಇವನಿಗೆ ಗೊತ್ತಿರಲಿಲ್ಲ ಅನ್ನುವುದು ಆಮೇಲೆ ಎಲ್ಲರಿಗೂ ತಿಳಿಯಿತು. ಅಷ್ಟರಲ್ಲಿ ಅವನು ದಾನಶೂರನಾಗಿದ್ದ. ನೆಂಟರು ಬಂದರೆ ಎಲೆಅಡಿಕೆಯ ಜೊತೆ ಒಂದು ಕಟ್ಟು ಕಡ್ಡಿ. ನಾಮಕರಣಕ್ಕೆ ಹೋದರೂ ಕಡ್ಡಿ, ತಿಥಿಗೆ ಹೋದರೂ ಕಡ್ಡಿ. ಗುತ್ತಲಿನಲ್ಲಿ ಅವನ ಚಿಕ್ಕಮ್ಮನ ಮನೆ, ಶಿಂಷಾ ದಂಡೆಯ ಮೇಲೆ ಅವನ ಷಡ್ಡಕನ ತೋಟ. ಎಲ್ಲೆಲ್ಲಿ ನೆಂಟರೋ ಅಲ್ಲೆಲ್ಲ ಗಿಡ. ನಡುವೆ ಎಲ್ಲಾದರೂ ಖಾಲಿ ಬಿಟ್ಟಿದ್ದರೆ ಪಿಕಳಾರ, ಗೊರವಂಕಗಳು ಅದರ ಕರೀ ಹಣ್ಣು ತಿಂದು, ಉದುರಿಸಿ, ತುಂಬಿದವು. ಇಡೀ ದೇಶಕ್ಕೆ ಆ ಮುಳ್ಳನ್ನು ಅವನೇ ತಂದ ಅಂತ ನಾನು ಹೇಳುವುದಿಲ್ಲ, ಅಷ್ಟು ದೊಡ್ಡ ಮನುಷ್ಯ ಅವನಲ್ಲ. ನಮ್ಮ ನೆಂಟಸ್ತಿಕೆಗೆ ತಂದವನು ಮಾತ್ರ ಅವನೇ. ನಮ್ಮ ಕಡೆ ಈಗಲೂ ಅದಕ್ಕೆ ಹುಚ್ಚೀರಯ್ಯನ ಗಿಡ ಅಂತಲೇ ಹೆಸರು.

ಇರುವವಳು ಒಬ್ಬಳೇ ಮಗಳು, ಮೀನಾಕ್ಷಿ. ಅಪ್ಪನ ಬುದ್ಧಿ ಎಳ್ಳಷ್ಟೂ ಬಂದಿರಲಿಲ್ಲ, ದೇವರು ದೊಡ್ಡವನು. ಅವಳನ್ನು ಬಂಡೂರಿನ ಕೆಂಪಸಿದ್ದಯ್ಯನ ಮಗ ರೇವಣ್ಣನಿಗೆ ಕೊಟ್ಟೆವು. ಬಂಡೂರು ಅಂದರೆ ಕುರಿ. ಮೋಟು ಕಾಲಿನ, ಬಿಳೀ ಮೈಯ, ಮುದ್ದಾದ ಕುರಿ. ಅಂಥ ಮಂದೆ ಇರುವ ಮನೆಗೆ ಹೆಣ್ಣು ಸೇರಿತು ಅಂತ ನಮ್ಮಕ್ಕ ಹಿಗ್ಗಿದಳು. ಹೆಣ್ಣನ್ನು ಗಾಡಿ ಹತ್ತಿಸುವ ಹೊತ್ತಿಗೆ ಭಾವ ಒಂದು ದೊಡ್ಡ ಕಟ್ಟು ಹೊತ್ತು ತಂದ. ನಾನು ಸೀರೆಯ ಗಂಟು ಅಂದುಕೊಂಡೆ. ನೋಡಿದರೆ ಲಂಟಾನದ ಕಡ್ಡಿ! ಅದಕ್ಕೆ ಅರಿಸಿನ ಕುಂಕುಮ ಬೇರೆ ಹಚ್ಚಿದ್ದ.

“ವರ್ಸ ವರ್ಸ ಮುಳ್ಳು ಕಡ್ದು ಕುರಿರೊಪ್ಪಕ್ಕೆ ಒತ್ತೀರಲ್ಲ ಬೀಗ್ರೆ, ಆ ಕಷ್ಟ ಇನ್ನು ಬ್ಯಾಡ. ಇದ ನೆಡಿ. ನಿಮ್ ಮೊಮ್ಮಕ್ಕಳ ಕಾಲ್ಕೂ ಇರ್ತದೆ,” ಅಂದ.

ಕೆಂಪಸಿದ್ದಯ್ಯ ಒಳ್ಳೆಯ ಮನುಷ್ಯ. ಹೆಣ್ಣಿನ ತಂದೆ ಕೊಟ್ಟದ್ದನ್ನು ಬೇಡ ಅನ್ನಬಾರದು ಅಂತ ತೆಗೆದುಕೊಂಡು ಹೋಗಿ ರೊಪ್ಪದ ಸುತ್ತ ನೆಟ್ಟ. ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ ಅಂದದ್ದು ಭಾವ ತನ್ನ ಜನ್ಮದಲ್ಲಿ ಆಡಿದ ಒಂದೇ ನಿಜವಾದ ಮಾತು.

ಮೂರನೆಯ ವರ್ಷದ ಯುಗಾದಿ. ಹಬ್ಬದ ಮಾರನೆಯ ದಿನ ಹೊಸತೊಡಕು, ನಮ್ಮ ಕಡೆ ಮನೆ ಮನೆಯಲ್ಲೂ ಬಾಡೂಟ. ಬೀಗರೆಲ್ಲ ಬರಲೇಬೇಕು ಅಂತ ಭಾವ ಹೇಳಿ ಕಳಿಸಿದ್ದ. ಬೇಸಗೆ, ಬಯಲಿನಲ್ಲಿ ಒಂದು ಹಸಿರು ಕಡ್ಡಿಯಿಲ್ಲ. ಕೆಂಪಸಿದ್ದಯ್ಯ ಕುರಿಗಳನ್ನು ರೊಪ್ಪದಲ್ಲೇ ಕೂಡಿ, ನೀರು ಇಡಲು ನೆರೆಯವರಿಗೆ ಹೇಳಿ, ಸಂಸಾರ ಸಮೇತ ಗಾಡಿ ಕಟ್ಟಿಕೊಂಡು ಬಂದ. ಉಂಡದ್ದಾಯಿತು. ಸಂಜೆಗೆ ಹೊರಡುತ್ತೇನೆ ಅಂತ ನಿಂತರೆ ಇವನು ಬಿಡುತ್ತಾನೆಯೇ? ಬೀಗನಿಗೆ ತನ್ನ ಬೇಲಿಯನ್ನು ಇನ್ನೂ ಪೂರ್ತಿ ತೋರಿಸಿರಲಿಲ್ಲ.

“ಕುರಿ ಕೂಡಾಕ್ ಬಂದಿವ್ನಿ ಬೀಗ್ರೆ, ಮೇಯಕ್ ಬುಡೋರಿಲ್ಲ,” ಅಂದ ಕೆಂಪಸಿದ್ದಯ್ಯ.

“ಒಂದಿನಕ್ಕೇನ್ ಸತ್ತೋದಾವಾ? ಇದ್ದು ಓಗಿ ಅಂದ್ರೆ!”

ಮಾರನೆಯ ದಿನ ಆ ಬಡಪಾಯಿಯನ್ನು ಬಿಸಿಲಿನಲ್ಲಿ ಹೊಲದ ಸುತ್ತ ನಡೆಸಿ, ಒಂದೊಂದು ಪೊದೆಯ ಮುಂದೂ ನಿಲ್ಲಿಸಿ, ಅದರ ಹುಟ್ಟು ಬೆಳವಣಿಗೆಯನ್ನು ವಿವರಿಸಿದ. ನಾನೂ ಹಿಂದೆ ಹಿಂದೆ ನಡೆದೆ. ನನಗೂ ತಲೆನೋವು ಬಂತು.

ಅವರು ಬಂಡೂರು ಸೇರುವ ಹೊತ್ತಿಗೆ ಹಸಿದ ಕುರಿಗಳು ಬೇಲಿಯನ್ನು ಒಳಮೈಯಲ್ಲಿ ಕತ್ತು ನಿಲುಕುವವರೆಗೂ ಬೋಳಿಸಿದ್ದವು. ಬಯಲಿನಲ್ಲಿದ್ದಾಗ ಮೂಸಿಯೂ ನೋಡದ ಸೊಪ್ಪು. ಹೊಟ್ಟೆ ಚುರುಗುಟ್ಟಿದರೆ ಕುರಿ ತಾನೆ ಏನು ಮಾಡೀತು? ಮೊದಲು ಕಿವಿ ಬಾತವು. ಬಿಸಿಲಿಗೆ ನಿಲ್ಲಲಾರದೆ ಗೋಡೆಯ ನೆರಳಿಗೆ ಒತ್ತರಿಸಿಕೊಂಡವು. ಕಣ್ಣು ಅರಿಸಿನವಾಯಿತು, ಮೂತಿಯ ಚರ್ಮ ಬಿರಿಯಿತು, ಮೆಲುಕು ನಿಂತಿತು. ಮೆಣಸು, ಬೆಲ್ಲ, ಬೇರಿನ ಕಷಾಯ, ಬರೆ, ಗೊತ್ತಿದ್ದದ್ದೆಲ್ಲ ಮಾಡಿದರು. ತಿಂಗಳು ಕಳೆಯುವುದರೊಳಗೆ ಮುಕ್ಕಾಲು ಮಂದೆ ಮಣ್ಣಾಯಿತು. ಹಾಲು ಕುಡಿಯುವ ಮರಿಗಳು ಮಾತ್ರ ಸೊಪ್ಪು ತಿಂದಿರಲಿಲ್ಲ, ಅವು ತಾಯಿಯಿಲ್ಲದೆ ಅರಚುತ್ತ ಉಳಿದವು.

ಅತ್ತೆ ಚಿಕ್ಕಬೋರಮ್ಮ ಮೀನಾಕ್ಷಿಯ ಟ್ರಂಕನ್ನು ತಾನೇ ಎತ್ತಿ ಗಾಡಿಗಿಟ್ಟಳು. “ನಿಮ್ಮಪ್ಪ ಕೊಟ್ಟಿದ್ದ ನಿಮ್ಮಪ್ಪನೇ ಬಂದು, ಅವನ ಕೈಯಾರ ಕಿತ್ಕೊಂಡು ಓಗ್ಲಿ ಕಣಮ್ಮಿ. ಆಮ್ಯಾಕೆ ನೀ ಬಾ. ಅಲ್ಲಿಗಂಟ ಈ ಒಸ್ಲು ತುಳೀಬ್ಯಾಡ,” ಅಂದಳಂತೆ. ರೇವಣ್ಣ ಗಾಡಿಯ ಹಿಂದೆ ಊರಾಚೆವರೆಗೂ ಬಂದು ನಿಂತುಬಿಟ್ಟನಂತೆ.

ಕೇಳಿದ್ದು ದೊಡ್ಡದೇನಲ್ಲ. ಒಂದು ಗುದ್ದಲಿ ಹಿಡಿದು ಹೋಗಿ, ತಪ್ಪಾಯಿತು ಅಂತ ಬಾಯಲ್ಲಿ ಹೇಳದಿದ್ದರೂ ಕೈಯಲ್ಲಿ ಹೇಳಿ ಬಂದಿದ್ದರೆ ಮಗಳ ಬಾಳು ನೆಟ್ಟಗಾಗುತ್ತಿತ್ತು. ನಮ್ಮ ಭಾವ ಏನಂದ ಗೊತ್ತೇ?

“ಬಂಡೂರ್ನೋರಿಗೆ ಕುರಿ ಸಾಕಕ್ ಬರಕಿಲ್ಲ!”

ಬಂಡೂರಿನವರಿಗೆ! ಸೂರ್ಯನಿಗೆ ಬೆಳಗಲು ಬರುವುದಿಲ್ಲ ಅಂದಿದ್ದರೂ ನಾನು ಅಷ್ಟು ಬೆರಗಾಗುತ್ತಿರಲಿಲ್ಲ. ದೃಷ್ಟಿಯಾಗಿದೆ ಅಂದ, ಮಾಟ ಅಂದ, ನೀರು ಕೆಟ್ಟಿದೆ ಅಂದ. ತನ್ನ ಗಿಡವೊಂದನ್ನು ಬಿಟ್ಟು ಮೂರು ಲೋಕದ ಮೇಲೂ ತಪ್ಪು ಹೊರಿಸಿದ. ಸೋದರಮಾವ ಅಂತ ನಾನು ನಡುವೆ ಬಿದ್ದು, ಕೆಂಪಸಿದ್ದಯ್ಯನನ್ನೂ ನಾಲ್ಕು ಜನ ಹಿರಿಯರನ್ನೂ ಹಳೇಕೊಪ್ಪಲಿಗೆ ಕರೆತಂದು ಪಂಚಾಯಿತಿ ಸೇರಿಸಿದೆ. ಭಾವ ಎಲ್ಲರೆದುರಿಗೆ ಬೇಲಿಯ ಕರೀ ಹಣ್ಣು ಬಿಡಿಸಿ ಬಾಯಿಗೆ ಹಾಕಿಕೊಂಡು, “ನೋಡಿ, ಸತ್ನಾ?” ಅಂದ.

“ಕರೀ ಅಣ್ಣು ಮಕ್ಳೂ ತಿಂತಾವೆ. ಕುರಿ ತಿಂದಿದ್ದು ಸೊಪ್ಪ ಕಣ್ರಿ ಬೀಗ್ರೆ,” ಅಂದ ಕೆಂಪಸಿದ್ದಯ್ಯ ಸಮಾಧಾನವಾಗಿ.

ಭಾವ ಒಂದು ಹಿಡಿ ಸೊಪ್ಪನ್ನೂ ಕಿತ್ತು ಬಾಯಿಗೆ ತುರುಕಿದ! ಮರಳುಕಾಗದದಂಥ ಎಲೆ. ಜಗಿದ, ಕಣ್ಣಲ್ಲಿ ನೀರು ಬಂತು, ಮೀಸೆ ಹಸಿರಾಯಿತು. ಮೀಸೆಯ ಮೇಲೆ ಕೈಯಾಡಿಸುತ್ತಲೇ ಗೋಡೆಯ ಮರೆಗೆ ಹೋದವನು ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿದ. ಬಂದು ಕೂತು, “ನಿನ್ನೆ ಇಟ್ಟು ಅಳಸಿತ್ತು,” ಅಂದ. ಹಿಟ್ಟು ಬೇಯಿಸಿದ್ದು ನಮ್ಮಕ್ಕ. ಅವಳು ಒಳಗಿನಿಂದ ಬಂದು ಅವನನ್ನು ನೋಡಿದ ನೋಟಕ್ಕೆ ಬೇರೆಯವನಾಗಿದ್ದರೆ ಅಲ್ಲೇ ಭಸ್ಮವಾಗುತ್ತಿದ್ದ. ಪಂಚಾಯಿತಿ ನಗುತ್ತ ಎದ್ದುಹೋಯಿತು. ನನಗೆ ಮಾತ್ರ ನಗು ಬರಲಿಲ್ಲ.

ಮಳೆಗಾಲ ಹೋಯಿತು. ಮೀನಾಕ್ಷಿ ಅಪ್ಪನನ್ನು ಒಂದು ಮಾತೂ ಆಡಲಿಲ್ಲ. ಅವನ ತಟ್ಟೆಗೆ ಮುದ್ದೆ ಹಾಕುತ್ತಿದ್ದಳು, ಸೊಪ್ಪಿನ ಸಾರು ಬಿಡುತ್ತಿದ್ದಳು, ಅಷ್ಟೇ. ಬಂಡೂರಿನ ಕಡೆಯ ಗಾಡಿಯ ಸದ್ದಾದರೆ ಬಾಗಿಲಿಗೆ ಬರುತ್ತಿದ್ದಳು. ಊರಿನವರು ಮೊದಮೊದಲು ಯಾವಾಗ ಹೋಗುತ್ತೀಯೆ ಅನ್ನುತ್ತಿದ್ದರು. ದೀಪಾವಳಿಯ ಹೊತ್ತಿಗೆ ಆ ಮಾತನ್ನೂ ನಿಲ್ಲಿಸಿದರು.

ಗಂಡ ಬಿಟ್ಟವರಿಗೆ, ಗಂಡ ಸತ್ತವರಿಗೆ ಎರಡನೆಯ ಸಲ ಸೀರೆ ಉಡಿಸಿ ಕರೆದುಕೊಂಡು ಹೋಗುವ ಪದ್ಧತಿ ನಮ್ಮಲ್ಲಿದೆ, ಕೂಡಾವಳಿ ಅನ್ನುತ್ತಾರೆ. ಒಂದು ದಿನ ಬೆಳಿಗ್ಗೆ ಗುತ್ತಲಿನ ಕಡೆಯ ನಿಂಗಯ್ಯ ಅನ್ನುವವನು, ಹೆಂಡತಿ ಸತ್ತವನು, ಬಂದು ಜಗಲಿಯ ಮೇಲೆ ಕೂತ. ಹಬ್ಬಕ್ಕೆ ಬಂದಿದ್ದ ನಾನೂ ಅಲ್ಲೇ ಇದ್ದೆ. ಅವನು ಬೇಲಿಯನ್ನು ನೋಡಿದ, ಹೂವನ್ನು ನೋಡಿದ, ಕೊನೆಗೆ ಬಾಯಿಬಿಟ್ಟ.

“ನಿಮ್ ಮಗೀನ ಬಂಡೂರ್ನೋರು ಬುಟ್ಟವ್ರಂತಲ್ಲ. ನಾನು ಕೂಡಾವಳಿ ಮಾಡ್ಕೊಂಡು ಓಯ್ತೀನಿ ಗೌಡ್ರೆ. ಅಂಗೇ ಆ ಬೇಲಿದು ಎಲ್ಡು ಕಡ್ಡಿನೂ ಕೊಟ್ರೆ ಒಟ್ಗೇ ತಗೊಂಡು ಓಯ್ತೀನಿ.”

ಬಾಗಿಲ ಹಿಂದೆ ಮೀನಾಕ್ಷಿಯ ಕೈಯಲ್ಲಿದ್ದ ಚೊಂಬು ನೆಲಕ್ಕೆ ಬಿತ್ತು. ಭಾವ ಎದ್ದು ನಿಂತ. ಅವನ ಮುಖದಿಂದ ಆ ಯಜಮಾನಿಕೆಯೆಲ್ಲ ಇಳಿದುಹೋದದ್ದನ್ನು ನಾನು ನೋಡಿದ್ದು ಅವತ್ತು ಮಾತ್ರ. “ಯಾರ್ಲಾ ಬುಟ್ಟವ್ರೆ ನನ್ ಮಗಳ? ಏಳ್ಲಾ ಮ್ಯಾಕೆ!” ಅಂತ ಅರಚಿದ. ನಿಂಗಯ್ಯ ಚಪ್ಪಲಿಯನ್ನೂ ಬಿಟ್ಟು ಓಡಿದ. ಭಾವ ರುಮಾಲು ಸುತ್ತಲಿಲ್ಲ, ಹಿಟ್ಟು ಉಣ್ಣಲಿಲ್ಲ. ಮೂಲೆಯಲ್ಲಿದ್ದ ಗುದ್ದಲಿ ಹೆಗಲಿಗೇರಿಸಿ, ಗಾಡಿ ಕಟ್ಟಿಸಿ, ಬಂಡೂರಿಗೆ ಹೊರಟ. ಏನು ಎಡವಟ್ಟು ಮಾಡುತ್ತಾನೋ ಅಂತ ನಾನೂ ಹತ್ತಿ ಕೂತೆ.

ದಿನವೆಲ್ಲ ಅಗೆದ. ಚಿಕ್ಕಬೋರಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ನೋಡಿದಳು. ನೀರು ಬೇಕೇ ಅಂತಲೂ ಕೇಳಲಿಲ್ಲ. ರೇವಣ್ಣ ಕೈಹಾಕಲು ಬಂದರೆ ಇವನೇ ಬೇಡ ಅಂದ. ಮುಳ್ಳಿಗೆ ಅಂಗೈ, ಮೊಣಕೈ ಗೀರಿ ರಕ್ತ ಬಂತು. ಸಂಜೆಗೆ ರೊಪ್ಪದ ಸುತ್ತ ಬರೀ ಗುಂಡಿ. “ನಿಮ್ದ ನೀವೇ ತುಂಬ್ಕೊಂಡ್ ಓಗಿ,” ಅಂದಳು ಅವಳು. ಹಣ್ಣು ತುಂಬಿದ ಆ ಪೊದೆಗಳನ್ನೆಲ್ಲ ಗಾಡಿಗೆ ಒಟ್ಟಿದೆವು. ಮಾರನೆಯ ದಿನವೇ ಮೀನಾಕ್ಷಿ ಅತ್ತೆಯ ಮನೆ ಸೇರಿದಳು.

ಇಲ್ಲಿಗೆ ಮುಗಿದಿದ್ದರೆ ಅವನು ಹುಚ್ಚೀರಯ್ಯನೇ ಅಲ್ಲ. ಅಲ್ಲೇ ಬೆಂಕಿ ಹಾಕಿ ಬರೋಣ ಅಂತ ನಾನು ಬಾಯಿ ಬಡಿದುಕೊಂಡಿದ್ದೆ. ಬೀಗಿತ್ತಿ ಒಯ್ಯಿ ಅಂದಮೇಲೆ ಒಯ್ಯಲೇಬೇಕು ಅಂತ ಹಟ ಹಿಡಿದ. ಗಾಡಿ ಕುಲುಕಿದಲ್ಲೆಲ್ಲ ಹಣ್ಣು ಉದುರಿತು. ಮುಂದಿನ ಮಳೆಗೆ ಬಂಡೂರಿನಿಂದ ಹಳೇಕೊಪ್ಪಲಿನವರೆಗೆ ದಾರಿಯ ಎರಡು ಪಕ್ಕವೂ ಲಂಟಾನ ಎದ್ದಿತು. ಅವನು ಪಶ್ಚಾತ್ತಾಪ ಪಟ್ಟ ದಾರಿ ಯಾವುದು ಅಂತ ಇವತ್ತಿಗೂ ತೋರಿಸಬಹುದು. ತನ್ನ ಹೊಲದ ಬೇಲಿಯನ್ನಂತೂ ಅವನು ಮುಟ್ಟಲೇ ಇಲ್ಲ.

ಬಂಡೂರಿನ ರೊಪ್ಪದಲ್ಲೂ ನೆಲದೊಳಗೆ ಉಳಿದ ಬೇರು ಮಳೆ ಬಿದ್ದ ಕೂಡಲೇ ಚಿಗುರಿತು. ಚಿಕ್ಕಬೋರಮ್ಮ ಸೊಸೆಯನ್ನು ಕರೆದು, ಚಿಗುರನ್ನು ತೋರಿಸಿ, “ನೋಡಮ್ಮಿ, ನಿಮ್ಮಪ್ಪ ಬಂದವ್ನೆ,” ಅಂದಳು. ಮೀನಾಕ್ಷಿ ಹಳೇಕೊಪ್ಪಲಿಗೆ ಹೇಳಿಕಳಿಸಿದಳು. ಭಾವ ಗುದ್ದಲಿ ಹಿಡಿದು ಓಡಿದ. ಅಲ್ಲಿಂದ ಮುಂದೆ ಪ್ರತಿ ಮಳೆಗಾಲಕ್ಕೂ ಅದೇ ಕಥೆ. ಗಿಡ ಚಿಗುರುವುದು, ಬೀಗಿತ್ತಿ ನಿಮ್ಮಪ್ಪ ಬಂದವ್ನೆ ಅನ್ನುವುದು, ಹಿಂದೆಯೇ ಅವನು ಹಾಜರಾಗುವುದು. ಬರಬರುತ್ತ ಅದರಲ್ಲೂ ಜಂಬ ಬಂತು ಅವನಿಗೆ. “ಲಂಟಾನ ಕೀಳದ್ರಲ್ಲಿ ಈ ಮೂರು ತಾಲೂಕ್ನಲ್ಲಿ ನನ್ನ ಬುಟ್ರಿಲ್ಲ ಬಾಮೈದ,” ಅಂತ ನನ್ನೆದುರಿಗೇ ಮೀಸೆ ತಿರುವಿದ! ನೆಟ್ಟವನು ನೀನೇ ಅಲ್ಲವೇ ಭಾವ ಅಂದರೆ, “ನೆಟ್ಟೋನ್ಗೇ ಅಲ್ವಾ ಬೇರಿನ ಗುಟ್ಟು ಗೊತ್ತಿರಾದು?” ಅಂದ. ಇಂಥವನ ಜೊತೆ ಮಾತಾಡಲು ಯಾರಿಗೆ ಸಾಧ್ಯ!

ನಲವತ್ತೇಳರ ಬೇಸಗೆಯಲ್ಲಿ ಜ್ವರ ಬಂದು ಮಲಗಿದ. ಮಲಗಿದಲ್ಲಿಂದಲೇ ಮಳೆ ಬಿತ್ತಾ, ಬಂಡೂರಿಂದ ಹೇಳಿಕಳಿಸಿದರಾ ಅಂತ ಕೇಳುತ್ತಿದ್ದನಂತೆ. ಮಳೆಗೆ ಮುಂಚೆಯೇ ತೀರಿಕೊಂಡ. ತಿಥಿ ಮುಗಿದ ಮೇಲೂ ಮೀನಾಕ್ಷಿ ತಾಯಿಯ ಜೊತೆ ಕೆಲವು ದಿನ ಇದ್ದಳು. ಆಮೇಲೆ ಅವಳನ್ನು ಬಂಡೂರಿಗೆ ಬಿಟ್ಟು ಬರಲು ನಾನೇ ಹೋದೆ. ಹಿಂದಿನ ದಿನ ಚೆನ್ನಾಗಿ ಮಳೆಯಾಗಿತ್ತು. ದಾರಿಯುದ್ದಕ್ಕೂ ಆ ಹಾಳು ಹೂವು. ಮೀನಾಕ್ಷಿ ಗಾಡಿಯಲ್ಲಿ ತಲೆ ಎತ್ತದೆ ಕೂತಿದ್ದಳು.

ಗಾಡಿ ಇಳಿದಾಗ ಚಿಕ್ಕಬೋರಮ್ಮ ರೊಪ್ಪದ ಹತ್ತಿರವೇ ನಿಂತಿದ್ದಳು. ಅವಳ ಕಾಲಬುಡದಲ್ಲಿ, ಗುಂಡಿ ತೋಡಿ ತೋಡಿ ಸಡಿಲವಾದ ಮಣ್ಣಿನಲ್ಲಿ, ಗೇಣುದ್ದದ ಚಿಗುರು. ಅವಳಿಗೆ ಅಭ್ಯಾಸವಾಗಿಹೋಗಿತ್ತು ನೋಡಿ, “ನಿಮ್ಮಪ್ಪ ಬಂ...” ಅಂದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಊಂ ಅತ್ತೆ, ಬಂದವ್ನೆ,” ಅಂದಳು ಮೀನಾಕ್ಷಿ. ಒಳಗೆ ಹೋಗಿ ಗುದ್ದಲಿ ತಂದಳು. “ಈಸಲ ನಾನೇ ಕೀಳ್ಬೇಕು.”

ಅಗೆದಳು. ಸುಲಭವಾಗಿ ಬರುವ ಬೇರಲ್ಲ ಅದು. ಆ ಮನುಷ್ಯನದು ಯಾವುದು ತಾನೆ ಸುಲಭವಾಗಿ ಬರುತ್ತಿತ್ತು? ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದ ಚಿಕ್ಕಬೋರಮ್ಮ ತಾನೂ ಕುಕ್ಕರುಗಾಲಲ್ಲಿ ಕೂತು, ಸೆರಗನ್ನು ಕೈಗೆ ಸುತ್ತಿಕೊಂಡು ಕಾಂಡವನ್ನು ಹಿಡಿದಳು. ಅತ್ತೆ ಸೊಸೆ ಇಬ್ಬರೂ ಸೇರಿ ಎಳೆದರು. ಲಟಕ್ಕೆಂದು ಬೇರು ನಡುವೆಯೇ ತುಂಡಾಗಿ, ಅರ್ಧ ಕೈಗೆ ಬಂತು, ಅರ್ಧ ಒಳಗೇ ಉಳಿಯಿತು. ಚಿಕ್ಕಬೋರಮ್ಮ ಮಣ್ಣು ಕೆದಕಿ ಅದನ್ನು ಹುಡುಕಲು ಹೋದಳು.

ಮೀನಾಕ್ಷಿ ಅವಳ ಕೈ ಹಿಡಿದು ತಡೆದಳು.

“ಇರ್ಲಿ ಬುಡತ್ತೆ,” ಅಂದಳು. “ಮುಂದಿನ ಮಳೆಗೆ ಬತ್ತಾನೆ.”